ಪಕ್ಕದ ಸೀಟು ಖಾಲಿ ಇದ್ದರೆ ಕಾರು ತೆಗೆಯಬೇಡ

ಪ್ರೀತಿಯ ಗೆಳತಿ,

ನಿನ್ನ ಪತ್ರ ಓದಿದೆ. ಆಸ್ಪತ್ರೆಯ ಕೆಲಸ ಕೈಗೆ ಹತ್ತಿದೆ, ವಾರ್ಡಿನವರು ಒಳ್ಳೆಯವರು, ಬಾಡಿಗೆ ಮನೆ ಬೆಚ್ಚಗಿದೆ ಎಂದೆಲ್ಲ ತಿಳಿದು ಸಮಾಧಾನವಾಯಿತು. ಮಳೆಯ ಬಗ್ಗೆ ಒಂದು ದೂರೂ ಇಲ್ಲ. ಸಕಲೇಶಪುರದ ಆಷಾಢ ಕಂಡವಳಿಗೆ ಐರ್ಲೆಂಡಿನ ಮಳೆ ಯಾವ ಲೆಕ್ಕ! ಆದರೆ ಪತ್ರದ ಕೊನೆಯಲ್ಲಿ, ಹೊರಡುವ ಹೊತ್ತಿಗೆ ನೆನಪಾಯಿತೆನ್ನುವಂತೆ, ಒಂದು ಮಾತು ಬರೆದಿದ್ದೀಯ. ಲರ್ನರ್ ಪರ್ಮಿಟ್ ಬಂತು, ಸೆಕೆಂಡ್ ಹ್ಯಾಂಡ್ ಕಾರೂ ತಗೊಂಡೆ, ಟೆಸ್ಟಿಗೆ ತಿಂಗಳುಗಟ್ಟಲೆ ಕಾಯಬೇಕಂತೆ, ಡ್ಯೂಟಿ ಏಳೂವರೆಗೆ, ಮೊದಲ ಬಸ್ಸು ಎಂಟಕ್ಕೆ, ಇಲ್ಲಿ ಎಲ್ಲರೂ ಒಬ್ಬೊಬ್ಬರೇ ಓಡಿಸುತ್ತಾರಂತೆ, ನಾನೂ ಶುರು ಮಾಡಲಾ ಅಂತ.

ಬೇಡ ಕಣೇ. ಈ ಒಂದು ವಿಷಯಕ್ಕಾಗಿಯೇ ಇಷ್ಟುದ್ದದ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಿನ್ನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಭಾರತದ ಲೈಸೆನ್ಸನ್ನು ಈ ದೇಶ ಬದಲಾಯಿಸಿಕೊಡುವುದಿಲ್ಲ. ಜಪಾನು, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದವರು ತಮ್ಮದನ್ನು ಕೊಟ್ಟು ಇಲ್ಲಿಯದನ್ನು ಪಡೆಯಬಹುದು, ನಮಗೆ ಆ ದಾರಿ ಇಲ್ಲ. ಸ್ವಲ್ಪ ಕಾಲಕ್ಕೆ ಬಂದು ಹೋಗುವವರಾದರೆ ಹನ್ನೆರಡು ತಿಂಗಳವರೆಗೆ ಊರಿನ ಲೈಸೆನ್ಸಿನಲ್ಲೇ ಓಡಿಸಬಹುದು. ನಿನ್ನ ಹಾಗೆ ಕೆಲಸಕ್ಕೆಂದು ಬಂದು ನೆಲೆ ನಿಲ್ಲುವವರು ಮಾತ್ರ ಮೊದಲ ಮೆಟ್ಟಿಲಿನಿಂದಲೇ ಹತ್ತಬೇಕು. ಥಿಯರಿ ಪರೀಕ್ಷೆಯ 40 ಪ್ರಶ್ನೆಗಳಲ್ಲಿ 35 ಸರಿಯಾಗಬೇಕು, ಆಮೇಲೆ ಪರ್ಮಿಟ್ಟು, ಆಮೇಲೆ ಪಾಠ, ಆಮೇಲೆ ರಸ್ತೆ ಪರೀಕ್ಷೆ. ಶಿರಾಡಿ ಘಾಟಿಯಲ್ಲಿ ಟ್ಯಾಂಕರುಗಳ ನಡುವೆ ಕಾರು ಇಳಿಸಿದವಳ ಬೆನ್ನಿಗೆ ಕೆಂಪು ಎಲ್ ಅಂಟಿಸಿ, ಪಕ್ಕದಲ್ಲಿ ಯಾರಾದರೂ ಕೂತರೆ ಮಾತ್ರ ಓಡಿಸು ಎಂದರೆ ಅವಮಾನ ಅನ್ನಿಸುತ್ತದೆ. ಆ ಅವಮಾನ ಎಲ್ಲ ನರ್ಸುಗಳ ಬಾಯಲ್ಲೂ ಕೇಳಿದ್ದೇನೆ, ಎಂಜಿನಿಯರುಗಳ ಬಾಯಲ್ಲೂ ಕೇಳಿದ್ದೇನೆ. ಅದು ಸಹಜ. ಆದರೆ ಅದರ ಮೇಲೆ ನಿರ್ಧಾರ ಮಾಡಬೇಡ.

"ಎಲ್ಲರೂ ಹಾಗೇ ಮಾಡುತ್ತಾರೆ" ಎಂಬ ಮಾತಿಗೆ ಈ ದೇಶದಲ್ಲಿ ಒಂದು ಹಳೆಯ ಕಥೆಯಿದೆ. ಇಲ್ಲಿ ಡ್ರೈವಿಂಗ್ ಟೆಸ್ಟ್ ಶುರುವಾದದ್ದೇ 1964ರಲ್ಲಿ. 1979ರ ಹೊತ್ತಿಗೆ ಟೆಸ್ಟಿಗೆ ಕಾಯುವವರ ಸಾಲು ಎಷ್ಟು ಉದ್ದವಾಯಿತೆಂದರೆ, ಅಂದಿನ ಮಂತ್ರಿ ಸಿಲ್ವೆಸ್ಟರ್ ಬ್ಯಾರೆಟ್ ತಾತ್ಕಾಲಿಕ ಲೈಸೆನ್ಸನ್ನು (ಅಂದಿನ ಲರ್ನರ್ ಪರ್ಮಿಟ್ ಅದೇ) ಎರಡನೆಯ ಸಲ ಪಡೆದು ಕಾಯುತ್ತಿದ್ದವರಿಗೆ ಪರೀಕ್ಷೆಯೇ ಇಲ್ಲದೆ ಪೂರ್ಣ ಲೈಸೆನ್ಸು ಕೊಟ್ಟುಬಿಟ್ಟರು. ಹಾಗೆ ಪಡೆದವರು ಸಾವಿರಾರು ಜನ. ಅದಕ್ಕಿಂತ ವಿಚಿತ್ರವಾದದ್ದು 2007ರವರೆಗೂ ಇದ್ದ ನಿಯಮ. ಮೊದಲ ತಾತ್ಕಾಲಿಕ ಲೈಸೆನ್ಸಿನಲ್ಲಿ ಪಕ್ಕದಲ್ಲಿ ಒಬ್ಬರು ಇರಲೇಬೇಕು, ಎರಡನೆಯದು ಸಿಕ್ಕಿತೋ, ಒಬ್ಬರೇ ಓಡಿಸಬಹುದು. ನಡುವೆ ಪರೀಕ್ಷೆ ಪಾಸಾಗಿರಬೇಕೆಂದೇನೂ ಇಲ್ಲ. ಬೆಳಿಗ್ಗೆ ಪರೀಕ್ಷೆಯಲ್ಲಿ ಫೇಲಾದವರು ಅದೇ ಕಾರು ಹತ್ತಿ, ಒಬ್ಬರೇ ಮನೆಗೆ ಓಡಿಸಿಕೊಂಡು ಹೋಗುತ್ತಿದ್ದರು, ಕಾನೂನು ಸುಮ್ಮನಿರುತ್ತಿತ್ತು.

2007ರ ಅಕ್ಟೋಬರ್ ಕೊನೆಯಲ್ಲಿ ಮಂತ್ರಿ ನೋಯೆಲ್ ಡೆಂಪ್ಸಿ ಇದನ್ನು ನಿಲ್ಲಿಸಹೊರಟರು. ಗುರುವಾರ ಪ್ರಕಟಣೆ, ಮುಂದಿನ ಮಂಗಳವಾರದಿಂದಲೇ ಜಾರಿ. ನಾಳೆ ಕೆಲಸಕ್ಕೆ ಹೇಗೆ ಹೋಗುವುದೆಂದು ದೇಶವೇ ಎದ್ದು ಕೂತಿತು. ಒಂದೆರಡು ದಿನದಲ್ಲಿ ಸರ್ಕಾರ ಹಿಂದೆ ಸರಿದು 2008ರ ಜೂನ್ 30ರವರೆಗೆ ಗಡುವು ಕೊಟ್ಟಿತು. ಆ ಗಡುವು ಮುಗಿದು ವರ್ಷಗಳೇ ಉರುಳಿದರೂ ಅಭ್ಯಾಸ ಮುಗಿಯಲಿಲ್ಲ. ಕಾಗದದಲ್ಲಿ ಕಾನೂನು ಬಂತು, ಮನಸ್ಸಿನಲ್ಲಿ ಹಳೆಯ ಸಲುಗೆ ಉಳಿಯಿತು. ನಿನ್ನ ಸಹೋದ್ಯೋಗಿಗಳು "ಏನಾಗಲ್ಲ ಬಿಡು" ಎನ್ನುತ್ತಾರಲ್ಲ, ಆ ಮಾತು ಅಲ್ಲಿಂದ ಹರಿದು ಬಂದದ್ದು. ಅವರ ಅಪ್ಪ ಅಮ್ಮಂದಿರು ಹಾಗೆಯೇ ಕಲಿತವರು.

ಆ ಸಲುಗೆಗೆ ತೆತ್ತ ಬೆಲೆಯನ್ನು ನೀನು ತಿಳಿದಿರಬೇಕು. ನಾನಿರುವ ಇದೇ ಕಾರ್ಕ್ ಕೌಂಟಿಯಲ್ಲಿ, ಫರ್ಮಾಯ್ ಪಟ್ಟಣದಾಚೆ ಕಿಲ್ವರ್ತ್ ಎಂಬ ಸಣ್ಣ ಊರಿದೆ. 2015ರ ಡಿಸೆಂಬರ್ 22, ಕ್ರಿಸ್‌ಮಸ್‌ಗೆ ಮೂರು ದಿನ. ಪಕ್ಕದಲ್ಲಿ ಯಾರೂ ಇಲ್ಲದೆ ಓಡಿಸುತ್ತಿದ್ದ ಲರ್ನರ್ ಒಬ್ಬರ ಕಾರು ಹತೋಟಿ ತಪ್ಪಿ ಎದುರಿನಿಂದ ಬರುತ್ತಿದ್ದ ಕಾರಿಗೆ ಬಡಿಯಿತು. ಆ ಕಾರಿನಲ್ಲಿದ್ದವರು ತಾಯಿ ಮತ್ತು ಓದುತ್ತಿದ್ದ ಮಗಳು. ಹೊಡೆತಕ್ಕೆ ಕಾರು ರಸ್ತೆ ಬಿಟ್ಟು, ಮಳೆನೀರು ತುಂಬಿದ್ದ ಹಳ್ಳಕ್ಕೆ ತಲೆಕೆಳಗಾಗಿ ಬಿತ್ತು. ಇಬ್ಬರೂ ನೀರಿನಲ್ಲಿ ಮುಳುಗಿ ಸತ್ತರು. ಆ ಜಾಗಕ್ಕೆ ಬಂದು ನಿಂತವರಲ್ಲಿ ಆ ಮನೆಯ ಯಜಮಾನರೂ ಇದ್ದರು. ನೀರಿನಲ್ಲಿ ಮಗುಚಿದ ಕಾರು ತಮ್ಮ ಹೆಂಡತಿ ಮಗಳದೆಂದು ಅವರಿಗೆ ಆಗ ತಿಳಿದಿರಲಿಲ್ಲ.

ಆ ತಂದೆ ಮೂರು ವರ್ಷ ಬಿಡಲಿಲ್ಲ. ಸಂಸದರ ಮನೆಬಾಗಿಲಿಗೆ ಹೋದರು, ಮಂತ್ರಿಯನ್ನು ಕಂಡರು, ತಮ್ಮ ಮನೆಯ ದುಃಖವನ್ನು ಮತ್ತೆ ಮತ್ತೆ ಅಪರಿಚಿತರ ಮುಂದೆ ಹೇಳಿದರು. ಅವರು ಕೇಳಿದ್ದು ಇಷ್ಟೇ: ಕಲಿಯುವವನು ಒಂಟಿಯಾಗಿ ಓಡಿಸಿದರೆ ಅವನನ್ನು ಮಾತ್ರ ಹಿಡಿದರೆ ಸಾಲದು, ಗೊತ್ತಿದ್ದೂ ಕೀಲಿ ಕೊಟ್ಟವರೂ ಉತ್ತರ ಹೇಳಬೇಕು. ಗ್ರಾಮೀಣ ಭಾಗದ ಕೆಲವು ಸಂಸದರು ವಿರೋಧಿಸಿದರು. ಹಳ್ಳಿಯ ಮಕ್ಕಳು ಕಾಲೇಜಿಗೆ, ಕೆಲಸಕ್ಕೆ ಹೋಗುವುದು ಹೇಗೆ, ಬಸ್ಸಿಲ್ಲದ ಊರಿನಲ್ಲಿ ಈ ಕಾನೂನು ಅಪ್ಪ ಅಮ್ಮಂದಿರನ್ನು ಅಪರಾಧಿಗಳನ್ನಾಗಿ ಮಾಡುತ್ತದೆ ಎಂದರು. ಅವರು ಹೇಳಿದ ಕಷ್ಟ ಸುಳ್ಳಲ್ಲ. ಆದರೂ ಆ ತಂದೆಯ ಎದುರು ಅದನ್ನಿಟ್ಟು ತೂಗಿದರೆ ನನಗೆ ಯಾವ ಕಡೆ ನಿಲ್ಲಬೇಕೆಂಬ ಗೊಂದಲ ಇಲ್ಲ. ಕಾನೂನು ಪಾಸಾಯಿತು, 2018ರ ಡಿಸೆಂಬರ್ 22ರಂದು ಜಾರಿಗೆ ಬಂತು. ದುರಂತ ನಡೆದು ಸರಿಯಾಗಿ ಮೂರು ವರ್ಷಕ್ಕೆ, ಅದೇ ತಾರೀಖಿಗೆ. ಇಲ್ಲಿನ ಜನ ಅದನ್ನು ಕ್ಲಾನ್ಸಿ ತಿದ್ದುಪಡಿ ಎಂದೇ ಕರೆಯುತ್ತಾರೆ. ಅದು ಆ ಮನೆಯ ಹೆಸರು.

ಅದರಿಂದ ನಿನ್ನ ಮಟ್ಟಿಗೆ ಆದದ್ದೇನು? ಗಾರ್ಡಾ, ಅಂದರೆ ಇಲ್ಲಿಯ ಪೊಲೀಸರು, ನಿನ್ನನ್ನು ನಿಲ್ಲಿಸಿ ಪಕ್ಕದ ಸೀಟು ಖಾಲಿ ಕಂಡರೆ ಕಾರನ್ನೇ ವಶಪಡಿಸಿಕೊಂಡು ಎಳೆದೊಯ್ಯಬಹುದು. 2022ರಲ್ಲಿ ಈ ತಪ್ಪಿನ ದಂಡ 80 ಯೂರೋದಿಂದ 160 ಯೂರೋಗೆ ಏರಿತು. ಜೊತೆಗೆ ಎರಡು ಪೆನಾಲ್ಟಿ ಪಾಯಿಂಟು, ಕೋರ್ಟಿಗೆ ಹೋಗಿ ಸೋತರೆ ನಾಲ್ಕು. ಲರ್ನರ್‌ಗೆ ಏಳು ಪಾಯಿಂಟಾದರೆ ಆರು ತಿಂಗಳು ಓಡಿಸುವಂತೆಯೇ ಇಲ್ಲ. ಗೆಳತಿಯ ಕಾರನ್ನು ಕೇಳಿ ತಂದಿದ್ದರೆ ಅವಳೂ ಸಿಕ್ಕಿಕೊಳ್ಳುತ್ತಾಳೆ. ಇದನ್ನೆಲ್ಲ ತಡೆದುಕೊಳ್ಳಬಹುದು ಅಂದುಕೋ. ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವ ದಿನ ಬರುತ್ತದೆ. ಆ ಅರ್ಜಿಯಲ್ಲಿ ರಸ್ತೆ ನಿಯಮದ ಅಪರಾಧಗಳನ್ನೂ ಬರೆಯಬೇಕು, ಅವನ್ನೂ ನೋಡಿಯೇ ನಡತೆ ಅಳೆಯುತ್ತಾರೆ. ಮನೆ ಮಠ ಬಿಟ್ಟು ಬಂದು ಕಟ್ಟುತ್ತಿರುವ ಬದುಕಿನ ಕಡತದಲ್ಲಿ ಇಂಥದ್ದೊಂದು ಕಾಗದ ಯಾಕೆ ಸೇರಬೇಕು?

ಎಲ್ ಬೋರ್ಡ್ ತೆಗೆದಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ಯಾರೋ ಹೇಳಿದರಂತಲ್ಲ. ಅದು ತಪ್ಪಿನ ಮೇಲೆ ಇನ್ನೊಂದು ತಪ್ಪು, ಬೋರ್ಡ್ ಇಲ್ಲದ್ದಕ್ಕೆ ಬೇರೆ ದಂಡ ಇದೆ. ಅದಕ್ಕಿಂತ ಮುಖ್ಯವಾಗಿ, ಆ ಕೆಂಪು ಅಕ್ಷರ ಹಿಂದಿನವರಿಗೆ ಸ್ವಲ್ಪ ದೂರ ಇರಿ ಎಂದು ಹೇಳುತ್ತದೆ, ಮತ್ತು ಇಲ್ಲಿ ಜನ ಅದಕ್ಕೆ ಬೆಲೆ ಕೊಡುತ್ತಾರೆ. ಆ ರಕ್ಷಣೆಯನ್ನು ನೀನಾಗಿಯೇ ಕಿತ್ತೆಸೆಯಬೇಡ.

ಇನ್ನು ನೀನು ಬರೆದ ಹನ್ನೆರಡು ವರ್ಷದ ಅನುಭವದ ಮಾತು. ಅದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಪೂರ್ಣ ಲೈಸೆನ್ಸು ಸಿಕ್ಕಿ ವರ್ಷಗಳಾಗಿರುವುದರಿಂದ ಹೊಸದಾಗಿ ಬಂದ ನಮ್ಮವರ ಪಕ್ಕದಲ್ಲಿ ಭಾನುವಾರಗಳಂದು ಕೂರುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಾಗಾಗಿ ನಮ್ಮ ಕಡೆಯ ಅನುಭವಸ್ಥರು ಇಲ್ಲಿ ಎಲ್ಲಿ ಎಡವುತ್ತಾರೆಂದು ಹತ್ತಿರದಿಂದ ಕಂಡಿದ್ದೇನೆ. ಕ್ಲಚ್ಚು, ಗೇರು, ಸ್ಟೀರಿಂಗು ಯಾವುದರಲ್ಲೂ ಅವರಿಗೆ ತೊಂದರೆ ಇಲ್ಲ. ಎಡಗಡೆಯ ಸಂಚಾರ ನಮ್ಮಲ್ಲೂ ಅದೇ, ಇಲ್ಲೂ ಅದೇ. ತೊಂದರೆ ಇರುವುದು ಬೇರೆ ಕಡೆ. ನಮ್ಮೂರಿನ ರಸ್ತೆಯಲ್ಲಿ ಜನ, ದನ, ಆಟೋ, ಹಂಪು, ಎಲ್ಲ ಸೇರಿ ನಮ್ಮ ವೇಗವನ್ನು ತಾವೇ ಹಿಡಿದಿಡುತ್ತವೆ. ಅಲ್ಲಿ ನಾವು ಕಲಿತದ್ದು ನಿಧಾನದ ರಸ್ತೆಯಲ್ಲಿ ಸಂದಿ ಹುಡುಕುವ ಚಾತುರ್ಯ. ಇಲ್ಲಿ ರಸ್ತೆ ಖಾಲಿ, ಕಿರಿದು, ಮತ್ತು ಎದುರಿನಿಂದ ಬರುವವನು ವೇಗವಾಗಿ ಬರುತ್ತಾನೆ. 2025ರ ಫೆಬ್ರುವರಿಯವರೆಗೂ ಎರಡು ಕಾರು ಸರಿಯಾಗಿ ಹಾಯಲಾರದ ಹಳ್ಳಿ ದಾರಿಗೂ ಗಂಟೆಗೆ 80 ಕಿಲೋಮೀಟರ್ ಮಿತಿ ಇತ್ತು, ಈಗ 60ಕ್ಕೆ ಇಳಿಸಿದ್ದಾರೆ. ಆದರೂ 80ರಲ್ಲಿ ಬೆಳೆದ ಕಾಲು ಒಂದೇ ದಿನಕ್ಕೆ ಮೇಲೇಳುವುದಿಲ್ಲ.

ತಿರುವಿನ ವಿಷಯವನ್ನೇ ತಗೋ. ಘಾಟಿಯಲ್ಲಿ ತಿರುವು ಬಂದರೆ ನಾವು ಹಾರನ್ ಹೊಡೆಯುತ್ತೇವೆ, ಎದುರಿನವನೂ ಹೊಡೆಯುತ್ತಾನೆ, ಒಬ್ಬರಿಗೊಬ್ಬರು ಇದ್ದೇವೆಂದು ಗೊತ್ತಾಗುತ್ತದೆ. ಇಲ್ಲಿ ಯಾರೂ ಹಾರನ್ ಹೊಡೆಯುವುದಿಲ್ಲ. ಕಣ್ಣಿಗೆ ಕಾಣುವಷ್ಟು ದೂರದೊಳಗೆ ಕಾರು ನಿಲ್ಲಿಸಲು ಆಗುವ ವೇಗದಲ್ಲಿ ತಿರುವಿಗೆ ಹೋಗಬೇಕು, ಅದೊಂದೇ ಉಪಾಯ. ಕಳೆದ ನವೆಂಬರಿನಲ್ಲಿ ದಾವಣಗೆರೆ ಕಡೆಯ ಹುಡುಗಿಯೊಬ್ಬಳ ಪಕ್ಕದಲ್ಲಿ ಕೂತಿದ್ದೆ. ಊರಿನಲ್ಲಿ ವರ್ಷಗಟ್ಟಲೆ ಓಡಿಸಿದವಳು, ಕೈ ಸ್ಥಿರ. ಎರಡೂ ಕಡೆ ಆಳೆತ್ತರದ ಬೇಲಿ, ನಡುವೆ ಕಿರಿದಾದ ದಾರಿ, ಸಂಜೆ ನಾಲ್ಕಕ್ಕೇ ಸೂರ್ಯ ಕಣ್ಣಿನ ಮಟ್ಟಕ್ಕೆ ಇಳಿದಿದ್ದ. ಅವಳ ನೋಟ ಮುಂದಿದ್ದ ಟ್ರ್ಯಾಕ್ಟರಿನ ಮೇಲೆ, ಅದನ್ನು ದಾಟುವ ಜಾಗ ಎಲ್ಲಿ ಸಿಕ್ಕೀತೆಂಬುದರ ಮೇಲೆ. ನನ್ನ ನೋಟಕ್ಕೆ ಬೇರೆ ಕೆಲಸ ಇರಲಿಲ್ಲವಾದ್ದರಿಂದ, ಬೇಲಿಯ ಮೇಲಿಂದ ಒಂದು ಲಾರಿಯ ನೆತ್ತಿ ಸರಿದು ಬರುವುದು ಕಂಡಿತು. "ಬೇಡ, ಹಿಂದೆಯೇ ಇರು" ಎಂದೆ. ಅವಳು ಆಗಲೇ ಬಲಕ್ಕೆ ಒಂದಿಷ್ಟು ಎಳೆದಿದ್ದ ಸ್ಟೀರಿಂಗನ್ನು ಎಡಕ್ಕೆ ತಂದಳು. ಹಾಲಿನ ಟ್ಯಾಂಕರು ಟ್ರ್ಯಾಕ್ಟರಿನ ಪಕ್ಕ ಬೇಲಿಯನ್ನು ಸವರಿಕೊಂಡು ದಾಟಿತು. ಟ್ರ್ಯಾಕ್ಟರಿನ ರೈತ ಸ್ವಲ್ಪ ಮುಂದೆ ಹೊಲದ ಗೇಟಿನ ಬಳಿ ಬದಿಗೆ ನಿಂತು ನಮಗೆ ದಾರಿ ಬಿಟ್ಟು, ಒಂದು ಬೆರಳೆತ್ತಿ ನಮಸ್ಕಾರ ಹೇಳಿದ. ಇಲ್ಲಿಯ ಹಳ್ಳಿಯವರು ಹೀಗೆಯೇ, ಕಾದರೆ ತಾವೇ ದಾರಿ ಬಿಡುತ್ತಾರೆ. ಇದು ಅವಳಿಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ಪಕ್ಕದ ಸೀಟಿನವರ ಕೆಲಸ ಇಷ್ಟೇ ಕಣೇ. ಅವರು ನಿನಗೆ ಓಡಿಸುವುದನ್ನು ಕಲಿಸುವುದಿಲ್ಲ, ಈ ಊರಿನ ರಸ್ತೆಯನ್ನು ಕಲಿಸುತ್ತಾರೆ. ಡಿಸೆಂಬರ್ ಜನವರಿಯಲ್ಲಿ ನೀನು ಡ್ಯೂಟಿಗೆ ಹೊರಡುವಾಗಲೂ ಕತ್ತಲು, ಮರಳುವಾಗಲೂ ಕತ್ತಲು. ರಾತ್ರಿ ಆಕಾಶ ತಿಳಿಯಾಗಿದ್ದರೆ ಬೆಳಗ್ಗೆ ಮರಗಳ ನೆರಳಿನ ಕೆಳಗೆ ಬ್ಲ್ಯಾಕ್ ಐಸ್ ಇರುತ್ತದೆ. ಅದು ಬಿಳಿಯಾಗಿ ಹೊಳೆಯುವುದಿಲ್ಲ, ಒದ್ದೆ ಡಾಂಬರಿನಂತೆಯೇ ಕಾಣುತ್ತದೆ. ಅದರ ಮೇಲೆ ಬ್ರೇಕ್ ಒತ್ತಬಾರದು ಎಂಬುದನ್ನು ಹಾಸನದಲ್ಲಿ ಯಾರು ಕಲಿಸಿಯಾರು? ಹನ್ನೆರಡೂವರೆ ಗಂಟೆ ನಿಂತು ದುಡಿದು, ಕಣ್ಣು ಎಳೆಯುವಾಗ, ಗೊತ್ತಿಲ್ಲದ ರಸ್ತೆಯಲ್ಲಿ ಒಬ್ಬಳೇ ಹೊರಟು ಅದನ್ನು ಮೊದಲ ಸಲ ಕಾಣಬೇಡ.

ಊರಲ್ಲಿ ಯಾರೂ ಇಷ್ಟೆಲ್ಲ ಕೇಳುವುದಿಲ್ಲ ಎಂದು ನೀನು ಹೇಳಬಹುದು. ಕೇಳುವುದಿಲ್ಲ ನಿಜ, ಆದರೆ ಕಾನೂನು ಅಲ್ಲೂ ಹೆಚ್ಚುಕಡಿಮೆ ಇದೇ. ನಾವೆಲ್ಲ ಎಲ್‌ಎಲ್‌ಆರ್ ಮಾಡಿಸಿದೆವಲ್ಲ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಮೂರನೆಯ ನಿಯಮ ಅದರ ಬಗ್ಗೆಯೇ ಇದೆ. ಲೈಸೆನ್ಸು ಇರುವ ಒಬ್ಬರು ಗಾಡಿಯನ್ನು ಹಿಡಿತಕ್ಕೆ ತರಲು ಇಲ್ಲವೇ ನಿಲ್ಲಿಸಲು ಆಗುವ ಜಾಗದಲ್ಲಿ ಕೂತಿರಬೇಕು, ಮುಂದೆ ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್ ಇರಬೇಕು, ಫಲಕ 18 ಸೆಂಟಿಮೀಟರ್ ಚೌಕಕ್ಕಿಂತ ಚಿಕ್ಕದಿರಬಾರದು ಎಂದೂ ಬರೆದಿದೆ. ನಿನ್ನ ಹಳೆಯ ಕಾರಿನ ವಿಮೆ ಪತ್ರ ಮನೆಯಲ್ಲಿದ್ದರೆ ಅಣ್ಣನಿಗೆ ತೆಗೆದು ನೋಡಲು ಹೇಳು. ಚಾಲಕರ ಷರತ್ತು ಇರುವ ಕಡೆ, ಕಲಿಕಾ ಲೈಸೆನ್ಸಿನವರು ಈ ಮೂರನೆಯ ನಿಯಮವನ್ನು ಪಾಲಿಸಿದರೆ ಮಾತ್ರ ಓಡಿಸಬಹುದೆಂದು ಅಚ್ಚಾಗಿರುತ್ತದೆ. ಎಲ್‌ಎಲ್‌ಆರ್ ಬಂದ ಮರುದಿನವೇ ಮಕ್ಕಳ ಕೈಗೆ ಸ್ಕೂಟಿ ಕೊಟ್ಟು ಟ್ಯೂಷನ್‌ಗೆ ಕಳಿಸುವ ನಮ್ಮ ಮನೆಗಳಲ್ಲಿ ಆ ಸಾಲನ್ನು ಓದಿದವರು ಬಹಳ ಕಡಿಮೆ. ಅಲ್ಲಿ ಯಾರೂ ತಡೆಯದೇ ಇದ್ದುದರಿಂದ ಅದು ನಮಗೆ ತಪ್ಪೆಂದೇ ಅನ್ನಿಸದೆ ಹೋಯಿತು, ಆ ಅಭ್ಯಾಸವನ್ನೇ ಸೂಟ್‌ಕೇಸಿನ ಜೊತೆ ಇಲ್ಲಿಗೂ ತಂದೆವು.

ಸರ್ಕಾರದ ಪಾಲಿನ ತಪ್ಪನ್ನೂ ಹೇಳದಿದ್ದರೆ ನಿನಗೆ ಅನ್ಯಾಯವಾಗುತ್ತದೆ. ಒಬ್ಬಳೇ ಓಡಿಸಬೇಡ ಎನ್ನುವ ಸರ್ಕಾರ ಬೇಗ ಪರೀಕ್ಷೆ ಮಾಡುವ ಹೊಣೆಯನ್ನೂ ಹೊರಬೇಕು. ಹತ್ತು ವಾರದೊಳಗೆ ಟೆಸ್ಟ್ ಎಂಬುದು ಅವರೇ ಇಟ್ಟುಕೊಂಡ ಗುರಿ. 2025ರ ವಸಂತದಲ್ಲಿ ಜನ ಸರಾಸರಿ ಆರು ತಿಂಗಳು ಕಾಯುತ್ತಿದ್ದರು. ಬಸ್ಸಿಲ್ಲದ ಊರುಗಳ ಆಸ್ಪತ್ರೆಗಳಿಗೆ ಏಳು ಸಮುದ್ರ ದಾಟಿಸಿ ನರ್ಸುಗಳನ್ನು ಕರೆಸಿಕೊಂಡು, ಕೆಲಸಕ್ಕೆ ಬರುವ ದಾರಿಯನ್ನು ಅವರವರೇ ನೋಡಿಕೊಳ್ಳಲಿ ಎಂದು ಬಿಡುವುದು ಸರಿಯಲ್ಲ. ಈ ಮಾತನ್ನು ನಿಮ್ಮ ಯೂನಿಯನ್ನಿನಲ್ಲಿ ಎತ್ತಿ, ನಿಮ್ಮ ಕ್ಷೇತ್ರದ ಸಂಸದರಿಗೆ ಬರೆಯಿರಿ. ಇಲ್ಲಿ ಸಂಸದರು ಇಂಥ ಪತ್ರಗಳಿಗೆ ಉತ್ತರ ಕೊಡುತ್ತಾರೆ. ಆದರೆ ಸಾಲು ಉದ್ದವಿದೆ ಎಂಬುದು ರಸ್ತೆಯ ಮೇಲೆ ಎದುರಿನಿಂದ ಬರುವವರ ತಪ್ಪಲ್ಲ.

ಹಾಗಾದರೆ ಅಲ್ಲಿಯವರೆಗೆ ಏನು ಮಾಡಬೇಕು? ನನಗೆ ತೋಚಿದ್ದು ಹೇಳುತ್ತೇನೆ. ಮೊದಲು ಮ್ಯಾನೇಜರ್ ಹತ್ತಿರ ಮಾತಾಡು. ನಿನ್ನ ಕಡೆಯಿಂದಲೇ ಬರುವ, ಪೂರ್ಣ ಲೈಸೆನ್ಸಿರುವ ಒಬ್ಬರ ರೋಸ್ಟರಿಗೆ ನಿನ್ನದನ್ನು ಹೊಂದಿಸಲು ಕೇಳು. ಇಲ್ಲಿನ ಮ್ಯಾನೇಜರುಗಳು ಕೇಳಿದರೆ ಸಾಮಾನ್ಯವಾಗಿ ದಾರಿ ಮಾಡುತ್ತಾರೆ, ಕೇಳಲು ನಾವು ಸಂಕೋಚಪಡುತ್ತೇವೆ ಅಷ್ಟೇ. ಅವರಿಗೆ ಲೈಸೆನ್ಸು ಸಿಕ್ಕಿ ಎರಡು ವರ್ಷ ಆಗಿದ್ದರೆ, ನಿನ್ನ ವಿಮೆಯೂ ಸರಿಯಿದ್ದರೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿನ್ನ ಕಾರಿನಲ್ಲೇ ಹೋಗಿ ಬರಬಹುದು. ದಿನವೂ ಅಭ್ಯಾಸ ಆಗುತ್ತದೆ, ಅವರಿಗೆ ಪೆಟ್ರೋಲ್ ಉಳಿಯುತ್ತದೆ. ಒಂದು ಎಚ್ಚರ: ಊರಿನಲ್ಲಿ ಇಪ್ಪತ್ತು ವರ್ಷ ಓಡಿಸಿದ್ದು ಇಲ್ಲಿ ಇನ್ನೂ ಎಲ್‌ನಲ್ಲೇ ಇರುವವರು ಪಕ್ಕದಲ್ಲಿ ಕೂತರೆ ಅದು ಲೆಕ್ಕಕ್ಕೆ ಬರುವುದಿಲ್ಲ. ನಮ್ಮವರಲ್ಲಿ ಗಂಡ ಹೆಂಡತಿ ಇಬ್ಬರೂ ಎಲ್ ಹಾಕಿಕೊಂಡು ಒಬ್ಬರಿಗೊಬ್ಬರು ಕಾವಲು ಕೂರುವುದನ್ನು ನೋಡಿದ್ದೇನೆ. ಇನ್ನು, ಯಾರು ಪಕ್ಕದಲ್ಲಿದ್ದರೂ ಎಲ್‌ನಲ್ಲಿ ಮೋಟಾರ್‌ವೇ ಹತ್ತುವಂತಿಲ್ಲ, ಡಬ್ಲಿನ್‌ಗೆ ಹೋಗುವಾಗ ಇದು ನೆನಪಿರಲಿ. ಹಳ್ಳಿಗಳಿಗೆ ಲೋಕಲ್ ಲಿಂಕ್ ಬಸ್ಸುಗಳಿವೆ, ಅವುಗಳ ವೇಳಾಪಟ್ಟಿ ಬೇರೆಯೇ ಇರುತ್ತದೆ, ಒಮ್ಮೆ ನೋಡು.

ಪಾಠಗಳನ್ನು ಮುಂದೂಡಬೇಡ. ಇಲ್ಲಿ ಹನ್ನೆರಡು ಪಾಠ ಕಡ್ಡಾಯ, ಆದರೆ ಹೊರದೇಶದ ಪೂರ್ಣ ಲೈಸೆನ್ಸಿರುವವರು ಅರ್ಜಿ ಹಾಕಿದರೆ ಆರಕ್ಕೆ ಇಳಿಸುತ್ತಾರೆ. ಇದಕ್ಕೆ ದಾಖಲೆ ಬೇಕಾಗುತ್ತದೆ, ಹಾಸನದ ಆರ್‌ಟಿಒದಿಂದ ನಿನ್ನ ಲೈಸೆನ್ಸಿನ ವಿವರದ ಪತ್ರ ತರಿಸಿಟ್ಟುಕೋ. ಟೆಸ್ಟಿನಲ್ಲಿ ನಮ್ಮವರು ಫೇಲಾಗುವುದು ಬಹುತೇಕ ಕನ್ನಡಿ ನೋಡದ್ದಕ್ಕೆ, ರೌಂಡ್‌ಅಬೌಟಿನಲ್ಲಿ ತಪ್ಪು ಲೇನ್ ಹಿಡಿದದ್ದಕ್ಕೆ, ಮತ್ತು ಅತಿ ನಿಧಾನಕ್ಕೆ. ಹೌದು, ಖಾಲಿ ರಸ್ತೆಯಲ್ಲಿ ಕಾರಣವಿಲ್ಲದೆ ನಿಧಾನ ಹೋದರೂ ಇಲ್ಲಿ ತಪ್ಪು ಹಾಕುತ್ತಾರೆ. ದೊಡ್ಡ ತಪ್ಪು ಒಂದಾದರೂ ಫೇಲು, ಮಧ್ಯಮ ದರ್ಜೆಯವು ಒಟ್ಟು ಒಂಬತ್ತಾದರೂ ಫೇಲು. ಆಟೊಮ್ಯಾಟಿಕ್ ಕಾರಿನಲ್ಲಿ ಪಾಸಾದರೆ ಲೈಸೆನ್ಸು ಆಟೊಮ್ಯಾಟಿಕ್‌ಗೆ ಮಾತ್ರ, ಅದನ್ನೂ ಯೋಚಿಸಿ ತೀರ್ಮಾನಿಸು.

ಇಷ್ಟು ಕಟ್ಟುನಿಟ್ಟಾಗಿ ಬರೆದೆನೆಂದು ಬೇಸರ ಮಾಡಿಕೊಳ್ಳಬೇಡ. ಮುಂದಿನ ತಿಂಗಳು ಭಾನುವಾರಗಳಲ್ಲಿ ನನಗೆ ಬಿಡುವಿದೆ, ರೈಲಿನಲ್ಲಿ ಬರುತ್ತೇನೆ. ಬೆಳಿಗ್ಗೆ ಬೇಗ ಹೊರಟು ನಿನ್ನ ಮನೆಯಿಂದ ಆಸ್ಪತ್ರೆಯವರೆಗಿನ ದಾರಿಯನ್ನು ಎರಡು ಮೂರು ಸಲ ಹೋಗಿ ಬರೋಣ, ನೀನೇ ಓಡಿಸು, ನಾನು ಪಕ್ಕದಲ್ಲಿ ಕೂರುತ್ತೇನೆ. ನಿನ್ನ ರೋಸ್ಟರ್ ಬಂದ ಕೂಡಲೇ ರಜೆ ಯಾವತ್ತೆಂದು ತಿಳಿಸು. ಅಲ್ಲಿಯವರೆಗೆ ಸಹೋದ್ಯೋಗಿಯ ಕಾರಿನಲ್ಲಿ ಹೋಗು, ಅದೂ ಇಲ್ಲದ ದಿನ ಟ್ಯಾಕ್ಸಿಗೆ ದುಡ್ಡು ಹೋದರೆ ಹೋಗಲಿ. ಒಬ್ಬಳೇ ಮಾತ್ರ ಕಾರು ತೆಗೆಯಬೇಡ.

ಪ್ರೀತಿಯಿಂದ,
ನಿನ್ನ ಗೆಳತಿ
ಕಾರ್ಕ್